ಚಾರ್ಜರ್ ಮನೆಯಲ್ಲಿಟ್ಟು ಬಂದವರು

ಇದನ್ನು ಬರೆಯಲು ಕೂತಾಗಲೆಲ್ಲ ಮೊದಲ ಸಾಲಿನಲ್ಲೇ ಮಳೆ ಬಂದುಬಿಡುತ್ತದೆ. ಆಷಾಢ, ಮನ್ಮಾಡ್ ಜಂಕ್ಷನ್ನಿನ ತಗಡಿನ ಮಾಡು, ನನ್ನ ತೊಡೆಯ ಮೇಲೆ ಕ್ಯಾಮೆರಾ ಬ್ಯಾಗು, ಬ್ಯಾಗಿನ ಮೇಲೆ ಹೊದಿಸಿದ ಸೆರಗು, ಸುತ್ತ ಮಳೆ. ಚೆನ್ನಾಗಿ ಕಾಣುತ್ತದೆ. ಚೆನ್ನಾಗಿ ಕಾಣುವುದರಿಂದಲೇ ನನಗೆ ಅನುಮಾನ. ಆ ಕಡೆ ಎಷ್ಟೋ ಆಷಾಢ ಬರೀ ಮೋಡದಲ್ಲೇ ಕಳೆಯುತ್ತಿತ್ತು. ಮಳೆಯನ್ನು ತೆಗೆದುಹಾಕುತ್ತೇನೆ. ಸೆರಗನ್ನೂ ತೆಗೆಯಬೇಕು, ಪ್ರಯಾಣಕ್ಕೆ ನಾನು ಪಂಜಾಬಿ ಡ್ರೆಸ್ಸೇ ಹಾಕುತ್ತಿದ್ದೆ. ಕೆಲವು ವರ್ಷ ರೈಲಲ್ಲ, ಯೇವಲಾ ಮೇಲೆ ಹೋಗುವ ಬಸ್ಸು. ಹೀಗೆ ಒಂದೊಂದೇ ತೆಗೆಯುತ್ತ ಹೋದರೆ ಕೊನೆಗೆ ಬ್ಯಾಗು ಉಳಿಯುತ್ತದೆ. ಬ್ಯಾಗು ಇದ್ದದ್ದು ನಿಜ. ಅದರ ಪಟ್ಟಿ ಹೆಗಲಿಗೆ ಕೊರೆದ ಗುರುತು ಬಹಳ ದಿನ ಹೋಗುತ್ತಿರಲಿಲ್ಲ.

ನನ್ನ ಗಂಡನಿಗೆ ನಾಸಿಕ್‌ನ ಪಂಚವಟಿಯಲ್ಲಿ ಫೋಟೋ ಸ್ಟುಡಿಯೋ ಇತ್ತು. ಬೀದರ್ ಕಡೆಯಿಂದ ಬಂದ ಮಾವ ತೆರೆದದ್ದು, ಅವರು ತೀರಿಕೊಂಡ ಮೇಲೆ ಇವರ ಕೊರಳಿಗೆ ಬಿದ್ದದ್ದು. ಮುಂದೆ ಕೌಂಟರು, ನಡುವೆ ಗಿರಾಕಿ ಕೂರುವ ಸ್ಟೂಲು, ಸ್ಟೂಲಿನ ಹಿಂದೆ ಹಿಮದ ಬೆಟ್ಟ ಬರೆದ ಪರದೆ. ಪರದೆಯ ಹಿಂದೆ ನಮ್ಮ ಮನೆ. ಅಲ್ಲಿ ಅತ್ತೆಯ ಮಂಚ, ಗ್ಯಾಸ್ ಒಲೆ, ನಮ್ಮ ಹಾಸಿಗೆ ಸುತ್ತಿಡುವ ಜಾಗ. ಬೇರೆ ಬಾಗಿಲಿರಲಿಲ್ಲ. ನಾನು ತರಕಾರಿ ತರಲು ಹೋಗಬೇಕಾದರೂ ಹಿಮದ ಬೆಟ್ಟದ ಅಂಚನ್ನು ಎತ್ತಿಕೊಂಡು, ಗಿರಾಕಿಯ ಪಕ್ಕದಿಂದ ನುಸುಳಿ, ಕೌಂಟರಿನ ಹಲಗೆ ಎತ್ತಿ ಹೋಗಬೇಕು. ಸ್ಟೂಲಿನ ಮೇಲೆ ಯಾರಾದರೂ ಕೂತಿದ್ದರೆ ಹಿಂದೆ ಮಾತಿಲ್ಲ, ಪಾತ್ರೆಯ ಸದ್ದಿಲ್ಲ, ಕುಕ್ಕರ್ ಕೂಗುವ ಹಾಗಿಲ್ಲ. ಗಿರಾಕಿಗೆ ಹಿಂದೆ ಸಂಸಾರವಿದೆ ಎಂದು ಗೊತ್ತಾದರೆ ಮುಖದಲ್ಲಿ ಸಂಕೋಚ ಬಂದು ಫೋಟೋ ಕೆಡುತ್ತದೆ ಎಂಬುದು ಮಾವನ ಕಾಲದಿಂದ ಬಂದ ನಿಯಮ. ಗಂಡ ತುಟಿಗೆ ಬೆರಳಿಟ್ಟು ಪರದೆಯ ಅಂಚಿನಲ್ಲಿ ಒಮ್ಮೆ ಮುಖ ತೋರಿಸಿ ಹೋಗುತ್ತಿದ್ದರು. ಅಷ್ಟಾದರೆ ನಾವಿಬ್ಬರು ಹೆಂಗಸರು ಇದ್ದಲ್ಲೇ ನಿಲ್ಲುತ್ತಿದ್ದೆವು, ಕೈಯಲ್ಲಿ ಸೌಟು ಹಿಡಿದಿದ್ದರೆ ಸೌಟಿನ ಸಮೇತ.

ಪಾಸ್‌ಪೋರ್ಟ್ ಫೋಟೋ, ನದಿಯ ಘಾಟಿನಲ್ಲಿ ವಿಧಿ ಮಾಡಿಸಲು ಬಂದವರ ಗುಂಪು ಫೋಟೋ, ಒಮ್ಮೊಮ್ಮೆ ಜೀಪಿನಲ್ಲಿ ತ್ರ್ಯಂಬಕೇಶ್ವರಕ್ಕೆ ಹೋಗಿ ತೆಗೆಯುವ ಪೂಜೆಯ ಫೋಟೋ, ಇವೆಲ್ಲ ಹಾಲು ತರಕಾರಿಗೆ. ಮನೆ ನಡೆಯುತ್ತಿದ್ದದ್ದು ಮದುವೆಯ ವಿಡಿಯೋದಿಂದ. ಅದಕ್ಕೆ ನಮ್ಮಲ್ಲಿದ್ದದ್ದು ಒಂದೇ ಕ್ಯಾಮೆರಾ. ಒಳಗೆ ಸಣ್ಣ ಕ್ಯಾಸೆಟ್ ಹಾಕುವಂಥದ್ದು, ಆದರೆ ಮೈ ದೊಡ್ಡದು, ಹೆಗಲ ಮೇಲಿಟ್ಟರೆ ಟಿವಿಯವರು ಬಂದರೇನೋ ಎಂದು ಬೀಗರು ತಿರುಗಿ ನೋಡುವಷ್ಟು.

ಆಷಾಢ ಏಕಾದಶಿಗೆ ದೇವರು ಮಲಗಿದರೆ ಕಾರ್ತಿಕದ ತುಳಸಿ ಲಗ್ನದವರೆಗೆ ಮದುವೆಯಿಲ್ಲ. ಕ್ಯಾಮೆರಾಕ್ಕೆ ಕೆಲಸವಿಲ್ಲ. ಸ್ಟುಡಿಯೋದ ಬಾಡಿಗೆಗೆ ಮಾತ್ರ ಚಾತುರ್ಮಾಸ್ಯವಿರಲಿಲ್ಲ. ನನ್ನ ಬಂಗಾರ ಆಗಲೇ ಬ್ಯಾಂಕಿನಲ್ಲಿ ಅಡವಾಗಿ ಕೂತಿತ್ತು. ಹೀಗಾಗಿ ಪ್ರತಿ ಮಳೆಗಾಲ ಕ್ಯಾಮೆರಾವನ್ನು ಗಿರವಿ ಇಡುವುದು, ತುಳಸಿ ಲಗ್ನದ ಮುಂಚೆ ಬುಕಿಂಗಿನ ಅಡ್ವಾನ್ಸ್ ಬಂದಾಗ ಬಿಡಿಸಿಕೊಂಡು ಬರುವುದು.

"ದೇವರ ಮಲಗ್ಯಾನ, ಅದಕ್ಯಾಕ ಎಚ್ಚರ?" ಎನ್ನುತ್ತಿದ್ದರು ಅತ್ತೆ. "ಅದೂ ಚಾತುರ್ಮಾಸಕ್ಕ ಹೋಗಲಿ."

ಓಣಿಯವರು ಕೇಳಿದರೆ ಸರ್ವಿಸಿಂಗಿಗೆ ಹೋಗಿದೆ ಎನ್ನುತ್ತಿದ್ದೆವು.

ನಾಸಿಕ್‌ನಲ್ಲೇ ಇಡುವ ಹಾಗಿರಲಿಲ್ಲ. ಸ್ಟುಡಿಯೋದವನ ಕ್ಯಾಮೆರಾ ಗಿರವಿಗೆ ಹೋಗಿದೆ ಎಂದು ಉಳಿದ ಸ್ಟುಡಿಯೋದವರಿಗೆ ಸಂಜೆಯೊಳಗೆ ಗೊತ್ತಾಗುತ್ತಿತ್ತು. ಆಮೇಲೆ ಬುಕಿಂಗ್ ಯಾರು ಕೊಡುತ್ತಾರೆ? ಅದಕ್ಕೆ ಔರಂಗಾಬಾದ್. ಈಗ ಊರಿನ ಹೆಸರು ಛತ್ರಪತಿ ಸಂಭಾಜಿನಗರ. ನಾನು ಹೋಗಿ ಬಂದ ಟಿಕೆಟ್ಟುಗಳ ಮೇಲೆ ಹಳೆಯ ಹೆಸರಿತ್ತು, ಹಾಗೇ ಬರೆಯುತ್ತೇನೆ. ನನ್ನ ಅಕ್ಕ ಅಲ್ಲಿದ್ದಳು. ಭಾವ ಬ್ಯಾಂಕಿನವರು, ಕಲಬುರಗಿಯಿಂದ ವರ್ಗವಾಗಿ ಬಂದವರು. ತಂಗಿ ಅಕ್ಕನ ಮನೆಗೆ ಹೋದರೆ ಯಾರೂ ಏನೂ ಕೇಳುವುದಿಲ್ಲ. ಆದ್ದರಿಂದ ಕ್ಯಾಮೆರಾ ಒಯ್ಯುವ ಕೆಲಸ ನನ್ನದಾಯಿತು. ಬ್ಯಾಗು ತುಂಬುವುದು ಮಾತ್ರ ಗಂಡನ ಕೆಲಸ. ಆ ಯಂತ್ರವನ್ನು ಅವರು ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಹಳೆಯ ಟವೆಲಿನಲ್ಲಿ ಸುತ್ತಿ, ಲೆನ್ಸಿಗೆ ಮುಚ್ಚಳ ಹಾಕಿ, ಮಗುವಿಗೆ ಕುಂಚಿಗೆ ಕಟ್ಟಿದ ಹಾಗೆ ಕಟ್ಟಿ ಕೊಡುತ್ತಿದ್ದರು.

ಅಂಗಡಿ ಗುಲ್‌ಮಂಡಿಯ ಹಿಂದಿನ ಗಲ್ಲಿಯಲ್ಲಿತ್ತು. ಬೋರ್ಡಿನ ಮೇಲೆ ಟಿವಿ, ಟೇಪು, ಮೊಬೈಲು ರಿಪೇರಿ ಎಂದಷ್ಟೇ ಇತ್ತು. ಗಿರವಿಯ ಮಾತು ಬೋರ್ಡಿನ ಮೇಲೆ ಇರಲಿಲ್ಲ, ಗಿರಾಕಿಗಳ ಬಾಯಲ್ಲಿ ಮಾತ್ರ ಇತ್ತು. ಅಂಗಡಿಯವರು ಬೀದರ್ ಜಿಲ್ಲೆಯವರು. ಊರು ಬಿಟ್ಟು ಎಷ್ಟೋ ಕಾಲವಾಗಿತ್ತು. ಗಿರಾಕಿಗಳೊಡನೆ ಮರಾಠಿ, ಹಿಂದಿ, ನಮ್ಮೊಡನೆ ಕನ್ನಡ. ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು.

"ನಮ್ಮವರೇ ಅದಾರ," ಎಂದಿದ್ದಳು ಅಕ್ಕ ಮೊದಲ ವರ್ಷ. "ಏನೂ ಅಂಜಬ್ಯಾಡ."

ಆ ಮೊದಲ ದಿನದ ಮಾತು ನನಗೆ ಚೆನ್ನಾಗಿ ನೆನಪಿದೆ ಎಂದು ನಾನು ಅಂದುಕೊಂಡಿದ್ದೇನೆ. ಎರಡನೆಯ ಮೂರನೆಯ ವರ್ಷದ್ದೂ ಅದರಲ್ಲಿ ಸೇರಿಕೊಂಡಿರಬಹುದು. ಅವರು ಬ್ಯಾಗಿನ ಕಡೆ ನೋಡದೆ ನನ್ನನ್ನು ನೋಡಿ ಕೇಳಿದರು:

"ಎಷ್ಟ ಬೇಕಾಗ್ಯಾವ?"

"ನೀವ ನೋಡಿ ಹೇಳ್ರಿ ಕಾಕಾ."

"ನಾ ಆಮ್ಯಾಲ ನೋಡ್ತೀನಿ. ನಿಮಗೆಷ್ಟ ಬೇಕು, ಅದನ್ನ ಹೇಳ್ರಿ."

"ಅದೇನ್ ಭಾಳ ಹೊಸಾದಲ್ರಿ. ಮಳಿಗಾಲದಾಗ ಸುಮ್ನ ಮನ್ಯಾಗ ಬಿದ್ದಿರ್ತದ, ಅದಕ್ಕ..."

ಅಕ್ಕ ಕೌಂಟರಿನ ಮರೆಯಲ್ಲಿ ನನ್ನ ತೊಡೆ ಚಿವುಟಿದಳು.

"ಸುಮ್ನ ಬಿದ್ದಿರ್ತದಂದ್ರ ಸುಮ್ನೇ ಕೊಟ್ಟು ಹೋಗ್ರಿ, ನಾ ಬ್ಯಾಡ ಅನ್ನಂಗಿಲ್ಲ," ಎಂದು ಕಾಕಾ ನಕ್ಕರು. "ತಂಗೆಮ್ಮ, ಬೀಗರಿಗೆ ಊಟಕ್ಕ ಹಾಕ್ಲತ್ತೀರೇನು, ಏನೂ ಮಾಡಿಲ್ರಿ, ಬರೀ ಅನ್ನ ಸಾರು ಅನ್ಲಿಕ್ಕೆ? ಇದರ ಮ್ಯಾಲ ಮನಿ ನಡೀತದೋ ಇಲ್ಲೋ?"

ನಮ್ಮ ಮನೆಗಳಲ್ಲಿ ನಮ್ಮ ವಸ್ತುವನ್ನು ನಾವೇ ಹೊಗಳುವುದು ಕಲಿಸಿಲ್ಲ. ಸೀರೆ ಚೆನ್ನಾಗಿದೆ ಎಂದರೆ ಹಳೆಯದು ಎನ್ನಬೇಕು, ಅಡಿಗೆ ಚೆನ್ನಾಗಿದೆ ಎಂದರೆ ಉಪ್ಪು ಹೆಚ್ಚಾಗಿದೆ ಎನ್ನಬೇಕು. ಅಡವಿಡುವ ಅಂಗಡಿಯಲ್ಲೂ ನಾಲಿಗೆ ಅದೇ ದಾರಿ ಹಿಡಿಯಿತು.

"ನಡೀತದ್ರಿ," ಎಂದಳು ಅಕ್ಕ. "ಇದೊಂದರ ಮ್ಯಾಲೇ ನಡೀತದ."

"ಹಾಂ. ಈಗ ತೆಗೀರಿ ಬ್ಯಾಗು."

ಆಮೇಲೆ ಅವರ ಪರೀಕ್ಷೆ. ತಿರುಪುಗಳ ತಲೆಯನ್ನು ಬೆರಳ ತುದಿಯಿಂದ ಸವರಿದರು. ತರಚಿದ್ದರೆ ಯಾರೋ ಬಿಚ್ಚಿದ್ದಾರೆ ಎಂದು ಅರ್ಥ. ಲೆನ್ಸನ್ನು ಟ್ಯೂಬ್‌ಲೈಟಿಗೆ ಹಿಡಿದು ಓರೆ ಮಾಡಿ ಒಳಗೆ ಬೂಸಲು ಕೂತಿದೆಯೇ ನೋಡಿದರು. ಕ್ಯಾಸೆಟ್ಟಿನ ಬಾಗಿಲು ತೆರೆದು ಮೂಸಿದರು. ತೇವ ಹೊಕ್ಕ ಯಂತ್ರಕ್ಕೆ ಒಂದು ವಾಸನೆ ಇರುತ್ತದಂತೆ. ಕೊನೆಗೆ ತಮ್ಮದೇ ಒಂದು ಕ್ಯಾಸೆಟ್ ಹಾಕಿ ಕ್ಯಾಮೆರಾವನ್ನು ನನ್ನ ಕಡೆ ತಿರುಗಿಸಿದರು.

"ಏನರ ಮಾತಾಡ್ರಿ."

"ಏನ್ ಮಾತಾಡ್ಲಿ?"

ಅಷ್ಟು ಸಾಕಾಗಿತ್ತು. ಹಿಂದೆ ತಿರುಗಿಸಿ ಪುಟ್ಟ ಪರದೆಯಲ್ಲಿ ನೋಡಿದರು. ಹೆದರಿದ ಒಂದು ಮುಖ "ಏನ್ ಮಾತಾಡ್ಲಿ" ಎಂದಿತು. ಕ್ಯಾಸೆಟ್ ಮತ್ತೆ ಮೊದಲಿಗೆ ಬಂತು, ಮುಂದಿನ ಗಿರಾಕಿಯ ಮುಖ ಅದರ ಮೇಲೆ ಬರಲೆಂದು. ಪ್ರತಿ ವರ್ಷ ನಾನು ಅದೇ ಮಾತು ಹೇಳಿದೆ, ಪ್ರತಿ ವರ್ಷ ಅದು ಅಳಿಸಿಹೋಯಿತು.

"ಚಾರ್ಜರ್ ಎಲ್ಲದ?"

ಬ್ಯಾಗಿನಲ್ಲಿ ಇರಲಿಲ್ಲ. ಗಂಡ ಹಾಕಿರಲಿಲ್ಲ. ಪರದೆಯ ಹಿಂದಿನ ಗೋಡೆಯಲ್ಲಿ ಅದಕ್ಕೊಂದು ಮೊಳೆ ಇತ್ತು, ಅಲ್ಲೇ ತೂಗುಹಾಕಿತ್ತು. ನನಗೆ ನಾಚಿಕೆಯಾಯಿತು. "ಮನ್ಯಾಗ ಉಳೀತ್ರಿ," ಎಂದೆ.

"ಚಲೋ ಆತು," ಎಂದರು ಕಾಕಾ. ಅವರು ಹೇಳಿದ ಮೊತ್ತ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿತ್ತು.

ಚಾರ್ಜರ್ ಇಲ್ಲದ ಮಾಲಿಗೆ ಹೆಚ್ಚು ಕೊಡುವುದು ಎಂಥ ವ್ಯಾಪಾರ ಎಂದು ಕೇಳಿದ್ದು ಅಕ್ಕ. ಅಂಗಡಿಗೆ ಚಹಾ ಬಂದಿತ್ತು. ಕಾಕಾ ಬಶಿಯಲ್ಲಿ ಸುರಿದುಕೊಂಡು ಹೇಳಿದರು:

"ನಮ್ಮಲ್ಲಿ ಎರಡು ರೇಟು ಅಕ್ಕೋರ. ಬಿಟ್ಟು ಹೋಗೋರದ್ದೊಂದು, ಇಟ್ಟು ಹೋಗೋರದ್ದೊಂದು. ಬಿಟ್ಟು ಹೋಗೋರು ಡಬ್ಬಿ, ಬಿಲ್ಲು, ಚಾರ್ಜರು ಎಲ್ಲಾ ತಂದ್ರ ನಾಕು ಕಾಸು ಜಾಸ್ತಿ, ಯಾಕಂದ್ರ ನಾ ನಾಳೆ ಮಾರಬೇಕು. ಇಟ್ಟು ಹೋಗೋರು ಎಲ್ಲಾ ತಂದ್ರ ನನಗ ಅಂಜಿಕಿ. ಕಾಲೇಜ್ ಹುಡುಗ್ರು ಲ್ಯಾಪ್‌ಟಾಪ್ ತರ್ತಾರ. ಮೌಸಿನ ಸಮೇತ ತಂದಾಂವ ತಿರುಗಿ ಬರಂಗಿಲ್ಲ. ಬರೀ ಲ್ಯಾಪ್‌ಟಾಪ್ ತಂದು, ಚಾರ್ಜರ್ ರೂಮಿನಾಗದ ಕಾಕಾ ಅಂದಾಂವ ಪರೀಕ್ಷಿ ಮುಂದ ಓಡಿ ಬರ್ತಾನ."

"ಬಂಗಾರಕ್ಕ ಹಿಂಗೇನಿಲ್ಲಲ್ರಿ?"

"ಬಂಗಾರ ತಿಜೋರ್ಯಾಗಿಟ್ರ ಬಂಗಾರೇ. ಇವು ಕಪಾಟಿನ್ಯಾಗ ಇಟ್ಟಲ್ಲೇ ಮುದುಕಾಗ್ತಾವ. ನೀವು ಬಂದು ಬಿಡಿಸ್ಕೊಂಡ್ರ ನಾ ಬದುಕಿದೆ. ಬರ್ಲಿಲ್ಲಂದ್ರ ಈ ಮುದುಕನ್ನ ನಾ ಯಾರ ಕೊರಳಿಗೆ ಕಟ್ಲಿ?"

ಅವರು ಇದನ್ನೆಲ್ಲ ಮುಚ್ಚಿಡದೆ ಹೇಳಿದರು ಎನ್ನುವುದು ಮುಖ್ಯ. ನಾವು ಕೇಳಿದೆವು, ನಕ್ಕೆವು, ಚಹಾ ಕುಡಿದೆವು. ಅರ್ಥ ಮಾಡಿಕೊಳ್ಳಲಿಲ್ಲ.

ನಾಸಿಕ್‌ಗೆ ಬಂದು ಗಂಡನಿಗೆ ಮೊತ್ತ ಹೇಳಿದೆ. ಅವರ ಮುಖ ಅರಳಿತು. "ನೋಡು, ಮಾಲಿನಾಗ ದಮ್ ಅದ," ಎಂದರು. ಮರುವರ್ಷವೂ ಹೆಚ್ಚು ಕಡಿಮೆ ಅಷ್ಟೇ ಸಿಕ್ಕಿತು. ಅದರ ಮರುವರ್ಷವೂ. ಈ ನಡುವೆ ಕ್ಯಾಸೆಟ್ ಬೇಡದ, ಚಿಕ್ಕ ಕಾರ್ಡ್ ಹಾಕುವ ಕ್ಯಾಮೆರಾಗಳು ಬಂದಿದ್ದವು. ಕಾಕಾನ ಅಂಗಡಿಯಲ್ಲಿ ನಮ್ಮದರಂಥ ಕ್ಯಾಮೆರಾ ಮೊದಲು ಗಾಜಿನ ಕಪಾಟಿನಲ್ಲಿ ಕಣ್ಣೆದುರಿಗೆ ಇರುತ್ತಿತ್ತು. ಆಮೇಲೆ ಕೆಳಗಿನ ಅರೆಗೆ ಇಳಿಯಿತು. ಆಮೇಲೆ ನೆಲದ ಮೇಲೆ ಗೋಣಿಚೀಲದಲ್ಲಿ ಮಿಕ್ಸರುಗಳ ಜೊತೆ ಸೇರಿತು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೂ ನನಗೆ ಸಿಗುವ ಮೊತ್ತ ಅಷ್ಟಾಗಿ ಇಳಿಯಲಿಲ್ಲವಲ್ಲ, ನಮ್ಮದು ಬೇರೆ ಜಾತಿಯದು ಅಂದುಕೊಂಡೆ. ಮದುವೆ ಮನೆಗಳಲ್ಲಿ ಬೇರೆ ಸ್ಟುಡಿಯೋದವರು ಇವರ ಹೆಗಲ ಮೇಲಿನ ದೊಡ್ಡ ಪೆಟ್ಟಿಗೆ ನೋಡಿ ಚೇಷ್ಟೆ ಮಾಡಿದರೆ, ಮನೆಗೆ ಬಂದು ಅವರು ನನ್ನನ್ನು ಕೇಳುತ್ತಿದ್ದರು: "ಹೋದ ಮಳಿಗಾಲದಾಗ ಎಷ್ಟ ಕೊಟ್ರು, ಹೇಳು ಮತ್ತ." ನಾನು ಹೇಳುತ್ತಿದ್ದೆ. ಅವರು ಸಮಾಧಾನವಾಗಿ ಊಟಕ್ಕೆ ಕೂರುತ್ತಿದ್ದರು. ಇಡುವ ರೇಟನ್ನೇ ನಾವು ಕ್ಯಾಮೆರಾದ ಬೆಲೆ ಎಂದು ತಿಳಿದಿದ್ದೆವು. ಸ್ಟುಡಿಯೋ ಇನ್ನೂ ನಡೆಯುತ್ತದೆ ಎಂಬುದಕ್ಕೆ ನಮ್ಮಲ್ಲಿದ್ದ ಸಾಕ್ಷಿ ಅದೊಂದೇ. ಅದನ್ನು ವರ್ಷಾ ವರ್ಷಾ ಔರಂಗಾಬಾದಿನಿಂದ ಹೊತ್ತು ತರುತ್ತಿದ್ದವಳು ನಾನು.

ಕೊನೆಯ ವರ್ಷ. ವರ್ಷ ಯಾವುದು ಎಂದು ಖಚಿತವಾಗಿ ಹೇಳಲಾರೆ. ಅತ್ತೆಯ ಕಣ್ಣಿನ ಪೊರೆ ತೆಗೆಸಿದ ವರ್ಷ ಎಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ತಿಳಿಯುತ್ತದೆ. ಆ ಆಪರೇಷನ್ನಿಗೆ ನಾವು ಮದುವೆಗಳ ಅಡ್ವಾನ್ಸ್ ಬಳಸಿದ್ದೆವು. ಬೇಸಿಗೆಯಲ್ಲೇ ಬಂದು, ತುಳಸಿ ಲಗ್ನದ ನಂತರದ ಮದುವೆಗೆ ನೀವೇ ಬರಬೇಕು ಎಂದು ನಮ್ಮ ಓಣಿಯವರೇ ಕೊಟ್ಟದ್ದು ಅದು.

ಆ ಬೇಸಿಗೆಯಲ್ಲೇ ಅಕ್ಕ ಫೋನ್ ಮಾಡಿದಳು. ಭಾವನ ಬ್ಯಾಂಕಿಗೆ ಬರುವ ಒಬ್ಬರ ಕಂಪನಿ ಔರಂಗಾಬಾದಿನ ಅಂಚಿನ ವಾಳೂಜಿನಲ್ಲಿ ಇತ್ತು, ಡಬ್ಬಿಗಳ ಪ್ಯಾಕಿಂಗಿನದು. ಸ್ಟೋರಿನಲ್ಲಿ ಒಬ್ಬರು ಬೇಕಾಗಿದ್ದರು, ನನ್ನ ಗಂಡನಿಗೆ ಆಗುವಂಥ ಕೆಲಸ. ಗಣಪತಿ ಕಳೆದ ಮೇಲೆ ಸೇರಬೇಕು. ಹತ್ತಿರದಲ್ಲೇ ಎರಡು ಕೋಣೆಯ ಮನೆಯನ್ನೂ ಅಕ್ಕ ನೋಡಿ ಇಟ್ಟಿದ್ದಳು.

"ರಸ್ತೆಗೆ ಸ್ವಂತ ಬಾಗಿಲಾ ಅದ," ಎಂದಳು.

ಆ ಬಾಗಿಲನ್ನು ನಾನು ನೋಡಿರಲಿಲ್ಲ. ಆದರೆ ಮೂರು ತಿಂಗಳು ಮನಸ್ಸಿನಲ್ಲೇ ಅದರ ಚಿಲಕ ತೆಗೆದು, ಹಾಕಿ ಮಾಡಿದ್ದೇನೆ. ಹಸಿರು ಬಣ್ಣ ಎಂದು ನಾನೇ ತೀರ್ಮಾನಿಸಿದ್ದೆ.

ಗಂಡನಿಗೆ ಹೇಳಿದೆ. ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅಪ್ಪ ತೆರೆದ ಸ್ಟುಡಿಯೋ, ಅಮ್ಮ ಪರದೆಯ ಹಿಂದೆ ಕೂತು ಕೇಳಿಸಿಕೊಳ್ಳುತ್ತಿದ್ದಾಳೆ, ಮುಂದೆ ಯಾವಾಗ ಬೇಕಾದರೂ ಗಿರಾಕಿ ಬರಬಹುದು. ನಮ್ಮ ಮನೆಯಲ್ಲಿ ಒಂದು ಮಾತನ್ನು ಪೂರ್ತಿ ಆಡಿ ಮುಗಿಸುವ ಜಾಗವೇ ಇರಲಿಲ್ಲ. ಇನ್ನೊಮ್ಮೆ ಕೇಳಿದಾಗ, "ನೋಡೂಣು," ಎಂದರು. ಆ ಶಬ್ದಕ್ಕೆ ನಮ್ಮ ಮನೆಯಲ್ಲಿ ಬಾಗಿಲು ಹಾಕುವುದು ಎಂದೇ ಅರ್ಥ. ನಾನು ಕೇಳುವುದು ಬಿಟ್ಟೆ.

ಆಷಾಢ ಬಂತು. ಎಂದಿನಂತೆ ಅವರು ಬ್ಯಾಗು ಕಟ್ಟಿದರು. ಎಂದಿನಂತೆ ನಾನು ಹೊರಟೆ.

ಅಂಗಡಿಯಲ್ಲಿ ಕಾಕಾ ಟವೆಲು ಬಿಚ್ಚಿ ಕ್ಯಾಮೆರಾ ತೆಗೆದರು. ಬ್ಯಾಗಿನ ತಳಕ್ಕೆ ಕೈ ಹಾಕಿ ಇನ್ನೊಂದು ಗಂಟು ಎತ್ತಿದರು. ಗಂಡನ ಕರವಸ್ತ್ರ. ಅದರೊಳಗೆ ವೈರನ್ನು ಅಚ್ಚುಕಟ್ಟಾಗಿ ಸುತ್ತಿದ ಚಾರ್ಜರ್.

"ಏನಿದು ತಂಗೆಮ್ಮ?" ಎಂದರು. "ಈ ಸಲ ಬಿಡ್ಲಿಕ್ಕೇ ಕಳಿಸ್ಯಾರೇನು ನಿಮ್ಮ ಮಾಲಕರು?"

ಚಾರ್ಜರಿನ ಅರ್ಥವೇನೆಂದು ಗಂಡನಿಗೆ ಗೊತ್ತಿತ್ತು. ಮೊದಲ ವರ್ಷವೇ ಕಾಕಾನ ಮಾತನ್ನು ಅವರಿಗೆ ಹೇಳಿ ಇಬ್ಬರೂ ನಕ್ಕಿದ್ದೆವು. ಮರೆತು ಹಾಕುವ ಮನುಷ್ಯರಲ್ಲ ಅವರು. ಮೊಳೆಯಿಂದ ತೆಗೆದು, ವೈರು ಸುತ್ತಿ, ಕರವಸ್ತ್ರದಲ್ಲಿ ಕಟ್ಟಿ, ನನಗೆ ಕಾಣದ ಹಾಗೆ ತಳದಲ್ಲಿ ಇಟ್ಟಿದ್ದರು. ಬಾಯಿಂದ ಹೇಳಲಾಗದ ಹೂಂ ಅನ್ನು ಅವರು ಬ್ಯಾಗಿನಲ್ಲಿ ಹಾಕಿ ಕಳಿಸಿದ್ದರು.

ಅಕ್ಕ ನನ್ನ ಕೈ ಹಿಡಿದಳು. "ಅಯ್ಯ ಹುಚ್ಚಿ, ಬರ್ತಾರಂತ! ಹೂಂ ಅಂದಾರ!"

ಕಾಕಾ ತಮ್ಮ ಕ್ಯಾಸೆಟ್ ಹಾಕಿ ಕ್ಯಾಮೆರಾ ನನ್ನ ಕಡೆ ತಿರುಗಿಸಿದರು. "ಏನರ ಮಾತಾಡ್ರಿ."

ನಾನು ಏನು ಮಾತಾಡಿದೆನೋ ತಿಳಿಯದು. ಹಿಂದೆ ತಿರುಗಿಸಿ ತೋರಿಸಿದಾಗ ಪುಟ್ಟ ಪರದೆಯಲ್ಲಿ ಒಬ್ಬ ಹೆಂಗಸು ಬಾಯಿಗೆ ದುಪಟ್ಟಾ ಹಿಡಿದು ನಗುತ್ತಿದ್ದಳು. ನನ್ನ ಆ ಮುಖವನ್ನು ನಾನು ಬೇರೆಲ್ಲೂ ಕಂಡಿಲ್ಲ. ನನ್ನ ನೆನಪಿನ ಮೇಲೆ ನನಗೆ ಭರವಸೆಯಿಲ್ಲ, ಆದರೆ ಇದು ನೆನಪಲ್ಲ, ಯಂತ್ರ ಹಿಡಿದದ್ದು, ನಾನು ಕಣ್ಣಿಂದ ನೋಡಿದ್ದು. ಅದಾದ ಮೇಲೆ ಕ್ಯಾಸೆಟ್ ಮೊದಲಿಗೆ ತಿರುಗಿತು.

"ಬಿಡೂದಾದ್ರ ಎಷ್ಟ ಕೊಡ್ತೀರಿ ಕಾಕಾ?" ಎಂದೆ.

ಅವರು ಹೇಳಿದರು.

ನಾನು ಮೊದಲು ಚೇಷ್ಟೆ ಅಂದುಕೊಂಡೆ. ನಮ್ಮ ಮಿಕ್ಸರು ರಿಪೇರಿಗೆ ಕೊಟ್ಟರೆ ಆಗುವಷ್ಟು ಇತ್ತು.

"ಹೋದ ವರ್ಷ ಎಷ್ಟ ಕೊಟ್ರಿ ನೀವು! ಒಂದ ವರ್ಷದಾಗ ಹಿಂಗ ಇಳೀತದೇನ್ರಿ?"

"ಒಂದ ವರ್ಷದಾಗ ಎಲ್ಲಿ ಇಳೀತು? ನಾಕ್ ವರ್ಷ ಆತು ಇಳಿದು," ಎಂದು ನೆಲದ ಮೇಲಿನ ಗೋಣಿಚೀಲ ತೋರಿಸಿದರು. "ಕ್ಯಾಸೆಟ್ ಕ್ಯಾಮೆರಾ ಯಾರ ತಗೋತಾರ ಈಗ? ಬಿಡಿಭಾಗಕ್ಕ ಬಿಚ್ಚಬೇಕು."

"ಮತ್ತ ಅಷ್ಟ ರೊಕ್ಕ ಹ್ಯಾಂಗ ಕೊಟ್ರಿ?"

"ಅದು ಕ್ಯಾಮೆರಾಕ್ಕ ಕೊಟ್ಟದ್ದಲ್ಲ ತಂಗೆಮ್ಮ." ಅವರ ದನಿಯಲ್ಲಿ ಚೇಷ್ಟೆ ಇರಲಿಲ್ಲ, ಕರುಣೆಯೂ ಇರಲಿಲ್ಲ. "ನೀವು ಬರ್ತೀರಿ ಅಂಬೋದಕ್ಕ ಕೊಟ್ಟದ್ದು. ಬ್ಯಾರೇ ಕ್ಯಾಮೆರಾ ಇಲ್ಲ ನಿಮ್ಮಲ್ಲಿ. ಲಗ್ನ ಹಿಡಿದೀರಿ. ಬರ್ಲಾರದ ಎಲ್ಲಿ ಹೋಗ್ತೀರಿ? ನಿಮ್ಮಷ್ಟು ಗ್ಯಾರಂಟಿ ಗಿರಾಕಿ ನನಗ ಈ ಊರಾಗಿಲ್ಲ."

ಎಷ್ಟು ಸಿಕ್ಕಿಬಿದ್ದಿದ್ದೆವೋ ಅಷ್ಟು ಕೊಡುತ್ತಿದ್ದರು. ಕ್ಯಾಮೆರಾ ಇಳಿಯುತ್ತ ಹೋದ ಹಾಗೆ ನಾವು ಇನ್ನಷ್ಟು ಸಿಕ್ಕಿಬೀಳುತ್ತ ಹೋದದ್ದರಿಂದ ಮೊತ್ತ ನೆಟ್ಟಗೆ ನಿಂತಿತ್ತು. ಅದನ್ನೇ ನಾನು ಹೆಮ್ಮೆಯಿಂದ ಮನೆಗೆ ಒಯ್ದಿದ್ದೆ.

ಆ ಸಣ್ಣ ಮೊತ್ತದಲ್ಲಿ ಅಡ್ವಾನ್ಸ್ ತಿರುಗಿಸುವುದು ದೂರದ ಮಾತು, ಬಾಕಿ ಬಾಡಿಗೆಯೂ ತೀರುತ್ತಿರಲಿಲ್ಲ. ಅಡ್ವಾನ್ಸ್ ತಿರುಗಿಸದೆ, ಮದುವೆಗೂ ಹೋಗದೆ ಪಂಚವಟಿಯ ಆ ಓಣಿ ಬಿಟ್ಟು ಬರುವುದು ಹೇಗೆ?

ಓದುವವರಿಗೆ ಹೊಳೆಯುವ ಉಪಾಯ ನನಗೂ ಆಗ ಹೊಳೆಯಿತು. ಚಾರ್ಜರನ್ನು ಪರ್ಸಿಗೆ ಹಾಕಿಕೊಂಡು ಇಡುವ ರೇಟು ತೆಗೆದುಕೊಳ್ಳುವುದು, ಅದರಲ್ಲಿ ಅಡ್ವಾನ್ಸ್ ತಿರುಗಿಸುವುದು, ಕ್ಯಾಮೆರಾ ಬಿಡಿಸಲು ಬಾರದೇ ಇರುವುದು. ನನ್ನ ಕಣ್ಣು ಕರವಸ್ತ್ರದ ಗಂಟಿನ ಕಡೆ ಹೋಯಿತು. ಕಾಕಾ ನನ್ನನ್ನು ನೋಡಿದರು, ಆಮೇಲೆ ಅಕ್ಕನನ್ನು.

"ಅಕ್ಕೋರ, ನಿಮ್ಮ ಮಾತಿನ ಮ್ಯಾಲ ನಾ ಇಷ್ಟು ವರ್ಷ ಕೊಟ್ಟದ್ದು, ಹೌದಿಲ್ರಿ?"

'ಹೌದ್ರಿ' ಎನ್ನುವ ಮೊದಲೇ ಅಕ್ಕ ನನ್ನ ಕೈ ಬಿಟ್ಟಿದ್ದಳು ಎಂದು ನನ್ನ ನೆನಪು. ಆಕೆ ಹಾಗಲ್ಲ ಎನ್ನುತ್ತಾಳೆ. ಇರಲಿ. ನಾವು ಬಂದು ನೆಲೆಸಬೇಕಾಗಿದ್ದದ್ದು ಇದೇ ಊರಿನಲ್ಲಿ, ಭಾವನ ಬ್ಯಾಂಕಿನ ಗಿರಾಕಿಯ ಕಂಪನಿಯಲ್ಲಿ. ಕಾಕಾ ವಾರಕ್ಕೊಮ್ಮೆ ಅದೇ ಬ್ಯಾಂಕಿಗೆ ಹೋಗುವವರು. ನಮ್ಮವರು. ಹಸಿರು ಬಾಗಿಲಿನ ಚಿಲಕ ಹಾಕಿಕೊಂಡು ಕೂತರೂ ಅದನ್ನು ತಟ್ಟಿ, "ತಂಗೆಮ್ಮ, ಕ್ಯಾಮೆರಾ ಹಂಗೇ ಉಳೀತಲ್ಲ," ಎನ್ನಬಲ್ಲವರು.

ಗಂಡನಿಗೆ ಫೋನ್ ಮಾಡಿದೆ. ಅತ್ತೆ ಎತ್ತಿದರು.

"ಅಂವ ಘಾಟಿಗೆ ಹೋಗ್ಯಾನ, ಫೋನ್ ಇಲ್ಲೇ ಬಿಟ್ಟಾನ. ಎಷ್ಟ ಕೊಟ್ಟ?"

"ಇನ್ನೂ ಮಾತಾಡ್ಲತ್ತೀವ್ರಿ ಅತ್ತಿ."

"ಹೋದ ವರ್ಷಕ್ಕಿಂತ ಕಡಿಮಿ ಆದ್ರ ಒಪ್ಕೋಬ್ಯಾಡ."

ಕಾಕಾ ಒತ್ತಾಯ ಮಾಡಲಿಲ್ಲ. ಕೌಂಟರಿನ ಮೇಲೆ ಒಂದು ಕಡೆ ಕ್ಯಾಮೆರಾ, ಒಂದು ಕಡೆ ಕರವಸ್ತ್ರದ ಗಂಟು. "ನಿಮಗ ಬಿಟ್ಟದ್ದು," ಎಂದರು. "ಇದನ್ನ ಇಲ್ಲೇ ಬಿಟ್ರ ಆ ರೇಟು. ಪರ್ಸಿನಾಗ ಹಾಕ್ಕೊಂಡ್ರ ಹೋದ ವರ್ಷದ್ದೇ ರೇಟು."

ನಾನು ಗಂಟನ್ನು ಪರ್ಸಿಗೆ ಹಾಕಿಕೊಂಡೆ. ಪರ್ಸು ಚಿಕ್ಕದು, ಜಿಪ್ ಹಾಕಲಾಗಲಿಲ್ಲ.

ಮರುದಿನ ಸಂಜೆ ನಾಸಿಕ್ ತಲುಪಿದೆ. ಮನ್ಮಾಡಿನಲ್ಲಿ ಗಾಡಿಗಾಗಿ ಕಾಯುವಾಗ ಅವರಿಗೆ ಹೇಗೆ ಹೇಳಬೇಕು ಎಂದು ವಾಕ್ಯಗಳನ್ನು ಕಟ್ಟಿದ್ದೆ. ಆ ವಾಕ್ಯಗಳು ಈಗ ಒಂದೂ ನೆನಪಿಲ್ಲ, ಅವು ಬಳಕೆಗೆ ಬರಲಿಲ್ಲ. ಸ್ಟುಡಿಯೋದಲ್ಲಿ ಸ್ಟೂಲಿನ ಮೇಲೆ ಗಿರಾಕಿ ಕೂತಿದ್ದ. ಗಂಡ ದೀಪ ಸರಿಮಾಡುತ್ತಿದ್ದರು. ನಾನು ಪಕ್ಕದಿಂದ ನುಸುಳುವಾಗ ನನ್ನ ಮುಖ ನೋಡಿದರು, ಆಮೇಲೆ ಪರ್ಸು ನೋಡಿದರು. ಅರ್ಧ ತೆರೆದ ಜಿಪ್ಪಿನಿಂದ ಅವರ ಕರವಸ್ತ್ರದ ತುದಿ ಹೊರಗೆ ಬಂದಿತ್ತು.

ಒಳಗೆ ಬಂದು ಪರದೆಯ ಹಿಂದೆ ನಿಂತೆ. ಅತ್ತೆ ಏನೋ ಕೇಳಲು ಬಾಯಿ ತೆರೆದರು. ಸುಮ್ಮನಿರಿ ಎಂದು ನಾನೇ ಕೈ ಮಾಡಿದೆ. ಹಿಮದ ಬೆಟ್ಟದ ಆ ಕಡೆಯಿಂದ ಗಂಡನ ದನಿ ಬಂತು, ಮರಾಠಿಯಲ್ಲಿ, ಎಂದಿನ ಮಾತು: ಗದ್ದ ಮೇಲೆತ್ತಿ, ನಗಬೇಡಿ, ಪಾಸ್‌ಪೋರ್ಟಿಗೆ ನಕ್ಕರೆ ನಡೆಯುವುದಿಲ್ಲ. ಇದು ತುಂಬ ಹೊಂದಿಕೊಂಡು ಕೂತಿದೆ, ಮಳೆಯ ಹಾಗೆ ಇದನ್ನೂ ತೆಗೆಯಬೇಕೇನೋ ಎಂದು ಬಹಳ ಯೋಚಿಸಿದ್ದೇನೆ. ಆದರೆ ದಿನಕ್ಕೆ ಎಷ್ಟೋ ಸಲ ಹೇಳುತ್ತಿದ್ದ ಮಾತು, ಅಂದು ಮಾತ್ರ ಹೇಳಿರಲಿಕ್ಕಿಲ್ಲ ಎನ್ನಲು ಕಾರಣವಿಲ್ಲ.

ಗಿರಾಕಿ ಹೋದ ಮೇಲೆ ಅವರು ಒಳಗೆ ಬಂದರು.

"ಹೊಳ್ಳಿ ತಂದೀ," ಎಂದರು.

"ಅಲ್ರಿ, ಕೇಳ್ರಿಲ್ಲಿ. ಬಿಡೋ ರೇಟು ಏನೇನೂ ಇಲ್ರಿ. ಕಾಕಾ ಅಂದ್ರು..."

"ಹೋದ ವರ್ಷ ಅಷ್ಟ ಕೊಟ್ಟಾರ."

"ಅದು ಕ್ಯಾಮೆರಾಕ್ಕ ಕೊಟ್ಟದ್ದಲ್ಲಂತ್ರಿ."

"ಮತ್ಯಾತಕ್ಕ ಕೊಟ್ರಂತ?"

ನಾನು ಹೇಳಿದೆ. ಕಾಕಾ ಹೇಳಿದ್ದನ್ನು ಹೇಳಿದ ಹಾಗೇ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ನಂಬಲಿಲ್ಲ. ನಂಬುವುದಾದರೂ ಹೇಗೆ? ಅಷ್ಟು ವರ್ಷ ಬೇರೆ ಮಾತನ್ನು ನಂಬಿಸಿದವಳು ನಾನೇ.

"ನಿನಗ ಬ್ಯಾಡಾಗಿದ್ರ ಬ್ಯಾಡ ಅನ್ನು," ಎಂದರು, ಸಿಟ್ಟಿಲ್ಲದೆ. "ನಾ ಏನ್ ಒತ್ತಾಯ ಮಾಡ್ತಿದ್ನೇನು?"

ಈಗಲೂ ನೆಂಟರು ಬಂದಾಗ ಅವರು ಈ ಕಥೆ ಹೇಳುತ್ತಾರೆ. ತಾವು ಸ್ಟುಡಿಯೋ ಬಿಡಲು ತಯಾರಾಗಿದ್ದದ್ದು, ಚಾರ್ಜರ್ ಸಮೇತ ಕಟ್ಟಿ ಕಳಿಸಿದ್ದು, "ಇಕಿನೇ ಹೊಳ್ಳಿ ತಂದ್ಲು ನೋಡ್ರಿ" ಎಂದು ನನ್ನ ಕಡೆ ತೋರಿಸಿ ನಗುವುದು. ನೆಂಟರೂ ನಗುತ್ತಾರೆ. ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಕೇಳಿ ಕೇಳಿ, ನನಗೇ ಹೋಗಲು ಮನಸ್ಸಿರಲಿಲ್ಲವೇನೋ ಎಂದು ಕೆಲವು ದಿನ ಅನಿಸುತ್ತದೆ. ಆ ನಗುವ ಹೆಂಗಸನ್ನು ತೋರಿಸೋಣವೆಂದರೆ ಅವಳ ಮೇಲೆ ಅದೇ ವಾರ ಬೇರೆ ಯಾರದೋ ಮುಖ ಬಂದಿರಬೇಕು.

ಆ ಸಂಜೆ ನಾನು ಇನ್ನೊಮ್ಮೆ ಬಾಯಿ ತೆರೆದೆ. "ಹಂಗಲ್ರಿ..." ಎನ್ನುವಷ್ಟರಲ್ಲಿ ಹೊರಗೆ ಕೌಂಟರಿನ ಹಲಗೆಯ ಸದ್ದಾಯಿತು. ಇನ್ನೊಬ್ಬ ಗಿರಾಕಿ. ಗಂಡ ಕರವಸ್ತ್ರ ಬಿಚ್ಚಿ ಚಾರ್ಜರನ್ನು ಅದರ ಮೊಳೆಗೆ ತೂಗುಹಾಕಿದರು, ಕರವಸ್ತ್ರವನ್ನು ಜೇಬಿಗಿಟ್ಟುಕೊಂಡರು, ತುಟಿಗೆ ಬೆರಳಿಟ್ಟು ನನ್ನನ್ನು ನೋಡಿ, ಪರದೆಯ ಅಂಚು ಎತ್ತಿ ಹೊರಗೆ ಹೋದರು.